ಮಕ್ಕಳಲ್ಲಿ ಎಳ್ಳು, ಸಾಸಿವೆಯ ಅಲರ್ಜಿ: ಪರಾಗಕ್ಕೂ ಬೀಜಕ್ಕೂ ಏನು ನಂಟು?

ಸುರಪುರ: ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಿತ್ಯದ ಊಟಕ್ಕೆ ಗುರೆಳ್ಳು, ಅಗಸಿ, ಶೇಂಗಾ ಚಟ್ನಿ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮಕ್ಕಳು ಎಳವೆಯಲ್ಲಿಯೇ ಈ ರುಚಿಗಳನ್ನು ಬಲ್ಲರು. ಆದರೆ ಕೆಲವು ಮಕ್ಕಳಿಗೆ ಇಂತಹ ಬೀಜಗಳು ಒಗ್ಗದೆ ಅಪಾಯ ತಂದೊಡ್ಡಬಲ್ಲವು.

ಕಾರಣವೇನು?

ಬೀಜದಲ್ಲಿನ ಪ್ರೋಟೀನನ್ನು ದೇಹವು ಶತ್ರುವೆಂದು ಭ್ರಮಿಸಿ ಐಜಿಇ ಎಂಬ ಪ್ರತಿಕಾಯವನ್ನು ಉತ್ಪಾದಿಸುವುದೇ ಈ ಅಲರ್ಜಿಯ ಮೂಲ. ಎಳ್ಳು, ಸಾಸಿವೆಗಳಲ್ಲಿ ಶೇಖರಣೆಗೊಂಡಿರುವ 2ಎಸ್ ಆಲ್ಬುಮಿನ್ ಪ್ರೋಟೀನು ಹುರಿದರೂ ಸುಲಭವಾಗಿ ಕೆಡದು. ತೀವ್ರ ಸ್ವರೂಪದ ಅಲರ್ಜಿಗೆ ಬಹುಮಟ್ಟಿಗೆ ಇದೇ ಕಾರಣ. ಗಾಣದ ಎಳ್ಳೆಣ್ಣೆಯಲ್ಲಿಯೂ ಪ್ರೋಟೀನಿನ ಅಂಶ ಉಳಿದಿರುವುದರಿಂದ ಎಳ್ಳು ಒಗ್ಗದವರಿಗೆ ಅದೂ ವರ್ಜ್ಯ.

ಪರಾಗದ ಪಾತ್ರ

ಪ್ರೊಫಿಲಿನ್ ಮೊದಲಾದ ಪ್ರೋಟೀನುಗಳು ಪರಾಗದಲ್ಲಿಯೂ ಬೀಜದಲ್ಲಿಯೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿವೆ. ಹೀಗಾಗಿ ಪರಾಗದ ವಿರುದ್ಧ ಹುಟ್ಟಿದ ಪ್ರತಿಕಾಯವು ಬೀಜವನ್ನೂ ಗುರುತಿಸಬಲ್ಲದು. ಯುರೋಪಿನಲ್ಲಿ ಮಾಚಿಪತ್ರೆ ಜಾತಿಯ ಪರಾಗ ಒಗ್ಗದ ಕೆಲವರಲ್ಲಿ ಸಾಸಿವೆ, ಸೂರ್ಯಕಾಂತಿ ಬೀಜಗಳ ಅಲರ್ಜಿಯೂ ಕಂಡುಬಂದಿದೆ. ಸೂರ್ಯಕಾಂತಿ, ಕುಸುಬೆ, ಗುರೆಳ್ಳುಗಳಷ್ಟೇ ಅಲ್ಲ, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದೇಶವನ್ನೆಲ್ಲ ವ್ಯಾಪಿಸಿದ ಕಾಂಗ್ರೆಸ್ ಕಸವೂ ಮಾಚಿಪತ್ರೆಯ ಸಸ್ಯಕುಟುಂಬಕ್ಕೇ ಸೇರಿದೆ. ಈ ಕಸದ ಪರಾಗವು ಸೀನು, ನೆಗಡಿ, ಉಬ್ಬಸಗಳಿಗೆ ಕಾರಣವಾಗುತ್ತದೆ.

ಪರೀಕ್ಷೆಯೊಂದೇ ಪ್ರಮಾಣವಲ್ಲ

ಪರಾಗದ ನಂಟಿನಿಂದಾಗಿ ಚರ್ಮ ಅಥವಾ ರಕ್ತ ಪರೀಕ್ಷೆಯಲ್ಲಿ ಬೀಜದ ಅಲರ್ಜಿ ತೋರಿದರೂ ಮಗು ಅದನ್ನು ನಿರಾತಂಕವಾಗಿ ತಿನ್ನುತ್ತಿರಬಹುದು. ಕರ್ನಾಟಕದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಯುರೋಪ್ರಿವಾಲ್ ಅಧ್ಯಯನದಲ್ಲಿ ಶೇ 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡುಬಂದಿತ್ತು. ಆಹಾರದ ಅಲರ್ಜಿ ಇರುವ ಸಂಭವವಿದ್ದುದು ಶೇ 1.2 ಜನರಲ್ಲಿ ಮಾತ್ರ. ಆದ್ದರಿಂದ ವರದಿಯೊಂದನ್ನೇ ನೆಚ್ಚಿ ಮಗುವಿನ ತಟ್ಟೆಯಿಂದ ಎಳ್ಳು, ಶೇಂಗಾಗಳನ್ನು ತೆಗೆದುಹಾಕುವುದು ತರವಲ್ಲ. ಕಡಿಮೆ ಖರ್ಚಿನ ಪೌಷ್ಟಿಕ ಆಹಾರವನ್ನು ಕಾರಣವಿಲ್ಲದೆ ಕಸಿದಂತಾದೀತು. ತಿಂದಾಗ ಏನಾಯಿತು, ಎಷ್ಟು ಹೊತ್ತಿನಲ್ಲಿ ಆಯಿತು ಎಂಬ ವಿವರವೇ ವೈದ್ಯರಿಗೆ ಮುಖ್ಯ.

ಅಪಾಯದ ಲಕ್ಷಣಗಳು

ಬಾಯಿ ತುರಿಕೆಯೊಂದೇ ಇದ್ದರೆ ಅದು ಸಾಮಾನ್ಯವಾಗಿ ಸೌಮ್ಯ ಸ್ವರೂಪದ್ದು. ಆದರೆ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ನಾಲಿಗೆ ಊತ, ಪದೇ ಪದೇ ವಾಂತಿ, ಉಸಿರಾಟದ ತೊಂದರೆ, ಮಂಪರು ಕಂಡುಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು. ಮಗುವನ್ನು ಮಲಗಿಸಬೇಕು, ಉಸಿರಾಟ ಕಷ್ಟವಾಗಿದ್ದರೆ ಕುಳ್ಳಿರಿಸಬಹುದು, ನಡೆಸಕೂಡದು. ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಚಿಕಿತ್ಸೆ. ಅಲರ್ಜಿಯ ಮಾತ್ರೆಯೊಂದರಿಂದಲೇ ಜೀವ ಉಳಿಯದು. ಒಮ್ಮೆ ಹೀಗಾದ ಮಗುವಿನ ವಿಷಯವನ್ನು ಶಾಲೆಗೂ ಅಂಗನವಾಡಿಗೂ ತಪ್ಪದೆ ತಿಳಿಸಿರಬೇಕು.