ಪಗಾರ ಹತ್ತತೈತೇನ, ಸ್ವಲ್ಪ ನೋಡಿ ಹೇಳ

ಸಂಜಿ ಹೊತ್ತು ನಮ್ಮ ಮನಿ ಕಟ್ಟಿ ಮ್ಯಾಲ ಕುಂತಾಗ ವಾರದಾಗ ಒಬ್ಬರಾದರೂ ಬಂದು ಕೇಳೋ ಮಾತು ಇದು: "ಯವ್ವಾ, ನನಗ ಪಗಾರ ಹತ್ತತೈತೇನ, ಸ್ವಲ್ಪ ನೋಡಿ ಹೇಳ." ಕೈಯಾಗ ಒಂದು ಕ್ಯಾರಿಬ್ಯಾಗ. ಅದರಾಗ ಆಧಾರ ಕಾರ್ಡು, ರೇಶನ್ ಕಾರ್ಡು, ಬ್ಯಾಂಕಿನ ಪಾಸಬುಕ್ಕು, ಎರಡು ಫೋಟೋ. ಪಗಾರ ಅಂದ್ರ ನೌಕರಿ ಪಗಾರ ಅಲ್ಲ. ಸರಕಾರ ಮುದುಕರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ತಿಂಗಳಾ ಕೊಡೋ ಮಾಸಾಶನ. ನಮ್ಮ ಬೈಲಹೊಂಗಲ ಸೀಮ್ಯಾಗ ಅದಕ್ಕ ಪಗಾರ ಅಂತನ ಅಂತೇವಿ.

ನಾ ಕಚೇರಿ ಕೆಲಸದಾಕಿ ಅಲ್ಲ. ಆದ್ರ ಅತ್ತಿಯವರ ಪಗಾರಕ್ಕ, ಸವದತ್ತಿ ತಾಲೂಕಿನ ತವರಮನಿ ಕಾಕಾನ ಪಗಾರಕ್ಕ, ರಾಮದುರ್ಗದ ದೊಡ್ಡವ್ವನ ಪಗಾರಕ್ಕ ಓಡ್ಯಾಡಿ ಓಡ್ಯಾಡಿ ಇದರ ಒಳಗ-ಹೊರಗ ಗೊತ್ತಾಗೇತಿ. ಹಂಗ ಪಾಳೆ ಹಚ್ಚಿ ನಿಂತಾಗ ಒಂದು ವಿಚಾರ ತಲ್ಯಾಗ ಕುಂತತು. ವಯಸ್ಸೆಷ್ಟು, ಮಕ್ಕಳೆಷ್ಟು, ಹೊಲ ಎಷ್ಟು, ಆದಾಯ ಎಷ್ಟು ಅಂತ ಅರ್ಜಿಯಾಗ ಕೇಳತಾರಲ್ಲ, ಈ ಪ್ರಶ್ನೆಗಳು ಎಲ್ಲಿಂದ ಬಂದವು? ಹುಡಕಿಕೋತ ಹೋದ್ರ ಅವು ನಮ್ಮ ಮುತ್ತಜ್ಜನ ಕಾಲದ ಬರಗಾಲಕ್ಕ ಹೋಗಿ ಮುಟ್ಟಿದವು.

ಮೊದಲ ಪಿಂಚಣಿ ಅನ್ನೋ ಶಬ್ದದ ಮಾತು. ಅದು ನಮ್ಮ ಸೀಮಿಗೆ ಬಡವರ ಸಲುವಾಗಿ ಬಂದದ್ದಲ್ಲ. 1818ರಾಗ ಪೇಶ್ವೆ ಎರಡನೇ ಬಾಜೀರಾವ ಸೋತು ರಾಜ್ಯ ಬಿಟ್ಟಾಗ ಕಂಪನಿ ಸರಕಾರ ಅವರನ್ನ ಗಂಗಾ ದಂಡಿ ಮ್ಯಾಲಿನ ಬಿಠೂರಿಗೆ ಕಳಿಸಿ, ವರ್ಷಕ್ಕ 8 ಲಕ್ಷ ರೂಪಾಯಿ ಪಿಂಚಣಿ ಗೊತ್ತು ಮಾಡಿತ್ತು. ಅಂದ್ರ ಪಿಂಚಣಿ ಹತ್ತತಿದ್ದದ್ದು ಗಾದಿ ಕಳಕೊಂಡವರಿಗೆ, ಸರಕಾರದ ಚಾಕರಿ ಮುಗಿಸಿದವರಿಗೆ. ಮುಂದ 1948ರಾಗ ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತಕ್ಕ ಸೇರಿತು. ಹಂಗ ವಿಲೀನ ಆದ ಸಂಸ್ಥಾನಿಕರಿಗೆ ಸರಕಾರ ರಾಜಧನ ಕೊಡತಿತ್ತು, ಅದು ನಿಂತದ್ದು 1971ರಾಗ. ಅದೇ ಸಂಸ್ಥಾನದಾಗ ಮಗ್ಗದ ಕುಣಿಯಾಗ ಜೀವಾ ಸವೆಸಿದ ಮುದುಕ ನೇಕಾರಗ ಆ ಕಾಲಕ್ಕ ಯಾವ ಧನಾನೂ ಇರಲಿಲ್ಲ.

ಹಂಗಾರ ದುಡಿಯೂ ಶಕ್ತಿ ಹೋದ ಬಡವರು ಏನ ಮಾಡತಿದ್ರು? ಮಕ್ಕಳು ಸಾಕತಿದ್ರು. ಮಕ್ಕಳಿಲ್ಲದವರಿಗೆ ತಮ್ಮನ ಮಕ್ಕಳು, ಅವರೂ ಇಲ್ಲಂದ್ರ ಊರು. ರಾಶಿ ಮಾಡುವಾಗ ಕಣದಾಗ ಆಯಗಾರರಿಗೆ ಕೊಟ್ಟ ಮ್ಯಾಲ ಕುಂಟರು, ಕುರುಡರು, ಗತಿಯಿಲ್ಲದ ಮುದುಕಿಯರಿಗೆ ಒಂದೊಂದು ಮರಾ ಜ್ವಾಳಾ ಹಾಕತಿದ್ರು. ಮಠದಾಗ ದಾಸೋಹ ಇರತಿತ್ತು. ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ಹೋದವರು ಪಡಲಗಿ ತುಂಬಿಸಿದಾಗ ಗುಡ್ಡದಾಗ ಕುಂತವರಿಗೂ ಹೋಳಗಿ-ಕಡಬು ಸಿಗತಿತ್ತು. ಇದೆಲ್ಲಾ ಮಳಿ ಚೊಲೊ ಆದ ವರ್ಷದ ಮಾತು. ಮಳಿ ಹೋದ್ರ ಕೊಡೋ ಕೈನೂ ಖಾಲಿ.

1876ರಾಗ ಮಳಿ ಹೋತು. ಮುಂದ ಎರಡು ವರ್ಷ ಮುಂಬಯಿ, ಮದ್ರಾಸ, ಮೈಸೂರು, ಹೈದರಾಬಾದ ಸೀಮಿ ಎಲ್ಲಾ ಬರಕ್ಕ ಸಿಕ್ಕವು. ಬೆಳಗಾವಿ ಜಿಲ್ಲೆನೂ ಅದರಾಗ ಬಂತು. ಆಗ ಈಗಿನ ಬೈಲಹೊಂಗಲ ತಾಲೂಕಿಗೆ ಸಂಪಗಾವಿ ತಾಲೂಕು ಅಂತಿದ್ರು, ಸವದತ್ತಿ ತಾಲೂಕಿಗೆ ಪರಸಗಡ. ಕೈಕಾಲು ಗಟ್ಟಿ ಇದ್ದವರು ಕಲ್ಲು ಒಡಿಯೂದು, ರಸ್ತೆ ಹಾಕೂದು, ಕೆರಿ ಅಗಿಯೂದು ಅಂತ ಸರಕಾರದ ಬರಗಾಲ ಕೆಲಸಕ್ಕ ಹೋದ್ರು. ಕೆಲಸಾ ಮಾಡಲಿಕ್ಕೆ ಆಗದವರು ಏನ ಮಾಡಬೇಕು ಅನ್ನೋ ಪ್ರಶ್ನೆ ಸರಕಾರದ ಮುಂದ ಬಂದು ನಿಂತತು.

ಬರ ಮುಗದ ಮ್ಯಾಲ ರಿಚರ್ಡ್ ಸ್ಟ್ರೇಚಿ ಅನ್ನೋ ಸಾಹೇಬರ ಆಯೋಗ 1880ರಾಗ ವರದಿ ಕೊಟ್ಟಿತು. ಅದರ ಹಿಂದಿಂದ 1883ರಾಗ ಬರಗಾಲ ಸಂಹಿತೆ ಅಂತ ನಿಯಮದ ಪುಸ್ತಕ ತಯಾರಾತು, ಪ್ರಾಂತಗಳು ತಮ್ಮ ತಮ್ಮ ಸಂಹಿತೆ ಮಾಡಿಕೊಂಡವು. ಅದರಾಗ ಕೆಲಸಾ ಮಾಡದ ಸಿಗೋ ಧರ್ಮದ ನೆರವಿಗೆ ಯಾರು ಯೋಗ್ಯರು ಅಂತ ಬರದಿದ್ರು: ವಯಸ್ಸಾಗಿ ಕೆಲಸಾ ಮಾಡಲಾರದವರು, ಕಣ್ಣಿಲ್ಲದವರು, ಕೈಕಾಲು ಇಲ್ಲದವರು, ಬುದ್ಧಿ ಸ್ಥಿಮಿತ ಇಲ್ಲದವರು. ಮತ್ತ ಅದಕ್ಕೊಂದು ಷರತ್ತು: ಅವರನ್ನ ಸಾಕಬೇಕಾದ, ಸಾಕೂ ಶಕ್ತಿ ಇರೋ ಬಂಧು-ಬಳಗ ಇರಬಾರದು. ಊರಾಗ ಗೌಡ, ಕುಲಕರ್ಣಿ ಕೂಡಿ ಅಂಥವರ ಪಟ್ಟಿ ಮಾಡಬೇಕು, ಮ್ಯಾಲಿನ ಅಧಿಕಾರಿ ಬಂದು ತಪಾಸ ಮಾಡಬೇಕು.

ಇಷ್ಟ ಓದಿದಾಗ ನನಗ ಮೈ ಝುಂ ಅಂತು. ವಯಸ್ಸು, ಅಂಗವಿಕಲತೆ, ದಿಕ್ಕಿಲ್ಲದಿರೂದು, ಊರ ಅಧಿಕಾರಿ ಪಟ್ಟಿ, ಮ್ಯಾಲಿನವರ ತಪಾಸಣಿ. ಇವತ್ತಿನ ಅರ್ಜಿ ಫಾರ್ಮಿನ ಬೀಜ ಅಲ್ಲೇ ಐತಿ. ಫರಕು ಒಂದ: ಬರ ಮುಗದ ಕೂಡಲೇ ಪಟ್ಟಿನೂ ಮುಗೀತಿತ್ತು. ಬರ ಇಲ್ಲದ ವರ್ಷದಾಗ ಮುದುಕರ ಹೊಟ್ಟಿ ಸರಕಾರದ ಲೆಕ್ಕಕ್ಕ ಬರತಿರಲಿಲ್ಲ.

ಅದು ಕಾಯಂ ಲೆಕ್ಕಕ್ಕ ಬಂದದ್ದು ಸ್ವಾತಂತ್ರ್ಯ ಬಂದ ಮ್ಯಾಲ. 1950ರ ಸಂವಿಧಾನದ 41ನೇ ಕಲಂ, ನಿರುದ್ಯೋಗ, ಮುಪ್ಪು, ಜಡ್ಡು, ಅಂಗವೈಕಲ್ಯ ಬಂದಾಗ ಸರಕಾರ ನೆರವಾಗಬೇಕು ಅಂತ ಹೇಳತೈತಿ. ಆದ್ರ "ಆರ್ಥಿಕ ಶಕ್ತಿಯ ಮಿತಿಯೊಳಗ" ಅನ್ನೋ ಮಾತು ಅಲ್ಲೇ ಐತಿ, ಮತ್ತ ಅದು ನಿರ್ದೇಶಕ ತತ್ತ್ವ ಆಗಿದ್ದಕ್ಕ ಕೋರ್ಟಿಗೆ ಹೋಗಿ ಕೊಡಸ್ರಿ ಅನ್ನಾಕ ಬರೂದಿಲ್ಲ. ಅದೇ ಹೊತ್ತಿಗೆ 1950ರ ಮುಂಬಯಿ ಕಾಯ್ದೆಯಿಂದ ಕುಲಕರ್ಣಿ ವತನ ಹೋಗಿ, ಪಟ್ಟಿ ಬರಿಯೋ ದಪ್ತರ ಸರಕಾರದ ಪಗಾರದ ತಲಾಠಿ ಕೈಗೆ ಬಂತು. ವೃದ್ಧಾಪ್ಯ ವೇತನ ಮೊದಲ ಸುರು ಮಾಡಿದ್ದು 1957ರಾಗ ಉತ್ತರ ಪ್ರದೇಶ. ನಾವು 1956ರಾಗ ಮೈಸೂರು ರಾಜ್ಯಕ್ಕ ಸೇರಿದ್ವಿ, ನಮಗ ಅದು ಬಂದದ್ದು 1960ರ ದಶಕದಾಗ. ನಿರ್ಗತಿಕ ವಿಧವಾ ವೇತನ 1984ರಾಗ. 1995ರ ಆಗಸ್ಟ್ 15ಕ್ಕ ಕೇಂದ್ರ ಸರಕಾರ ರಾಷ್ಟ್ರೀಯ ವೃದ್ಧಾಪ್ಯ ವೇತನ ಸುರು ಮಾಡಿತು: 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ. ನಿರ್ಗತಿಕ ಅಂದ್ರ ಯಾರು? ಸ್ವಂತ ದುಡಿಮಿಯಿಂದಾಗಲಿ, ಮನಿ ಮಂದಿಯಿಂದಾಗಲಿ ಹೊಟ್ಟಿಗೆ ಖಾಯಂ ದಾರಿ ಇಲ್ಲದವರು. ಅದ ಹಳೆ ಬರಗಾಲದ ಷರತ್ತು, ಅಂಗಿ ಬದಲಿ ಮಾಡಿಕೊಂಡು ಬಂದಿತ್ತು.

ಆ ಷರತ್ತು ನಮ್ಮ ಮನಿಗೂ ಬಂತು. ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಕಿತ್ತೂರ ಕಡೆಯಾಕಿ. ಆಗ ಕಿತ್ತೂರು ಬೈಲಹೊಂಗಲ ತಾಲೂಕಿನಾಗನ ಇತ್ತು, ಬೇರೆ ತಾಲೂಕು ಆಗಿದ್ದು ಈಗೀಗ. ಆಯಿಗೆ ಎಪ್ಪತ್ತು ದಾಟಿತ್ತು. ಮಾವ ಕೂಲಿ ಮಾಡಿ ಐದು ಮಂದಿ ಹೊಟ್ಟಿ ತುಂಬಸತಿದ್ದ. ಯಾರೋ ಹೇಳಿದ್ರಂತ ಅರ್ಜಿ ಹಾಕಲಿಕ್ಕೆ ಆಯಿನ ಕರಕೊಂಡು ಹೋದಾ. ಅರ್ಜಿ ಬರಕೊಳ್ಳೋ ಮನುಷ್ಯಾ ಕೆಟ್ಟವನಲ್ಲ. "ನೋಡವಾ ಆಯಿ, ನನಗ ಯಾರೂ ದಿಕ್ಕಿಲ್ಲರೀ ಅಂತ ಒಂದ ಮಾತ ಹೇಳ. ಉಳದದ್ದು ನಾ ಬರಕೋತೇನಿ" ಅಂದ್ರಂತ. ಮಾವ ಬಾಗಲದಾಗ ಚಪ್ಪಲಿ ಕೈಯಾಗ ಹಿಡಕೊಂಡು ನಿಂತಿದ್ದ. ಆಯಿ ಒಂದ ಸಲ ಅವನ ಮಾರಿ ನೋಡಿದ್ಲು. "ಅಲ್ಲೇ ನಿಂತಾನಲ್ಲರೀ ನನ್ನ ದಿಕ್ಕು. ಇದ್ದ ಮಗನ್ನ ಇಲ್ಲ ಅಂದು ಉಣ್ಣೂ ರೊಕ್ಕಾ ನನಗ ಬ್ಯಾಡ" ಅಂದಾಕಿ ಎದ್ದು ಬಂದ್ಲು.

ಇದನ್ನ ನಮ್ಮ ಮನ್ಯಾಗ ಆಯಿಯ ದೊಡ್ಡಸ್ತನ ಅಂತ ಹೇಳತಿದ್ರು. ನನಗ ಈಗ ಹಂಗ ಅನಸೂದಿಲ್ಲ. ಮಗಾ ಇದ್ದಾನ ಅನ್ನೋದೂ ಖರೆ, ಆ ಮಗನ ಕಡೆ ಔಷಧಕ್ಕ ರೊಕ್ಕ ಇರಲಿಲ್ಲ ಅನ್ನೋದೂ ಖರೆ. ಎರಡೂ ಖರೆ ಬರಿಯೋ ಜಾಗಾ ಆ ಕಾಗದದಾಗ ಇರಲಿಲ್ಲ. ಆಯಿ ಹತ್ತು-ಹನ್ನೊಂದು ವರ್ಷ ಪಗಾರ ಇಲ್ಲದ ತೆಗದ್ಲು.

2007ರಾಗ ರಾಜ್ಯ ಸರಕಾರ ಸಂಧ್ಯಾ ಸುರಕ್ಷಾ ಯೋಜನೆ ತಂತು. ಸಣ್ಣ ರೈತರು, ಹೊಲದ ಕೂಲಿಯವರು, ನೇಕಾರರು, ಮೀನುಗಾರರು, ಅಸಂಘಟಿತ ಕೆಲಸದವರು 65 ದಾಟಿದ್ರ ತಿಂಗಳಿಗೆ 400 ರೂಪಾಯಿ. ಅಲ್ಲಿ ಲೆಕ್ಕಕ್ಕ ಹಿಡದದ್ದು ಗಂಡ-ಹೆಂಡತಿ ಆದಾಯ: ವರ್ಷಕ್ಕ 20,000 ಮೀರಬಾರದು, ಠೇವಣಿ 10,000 ಮೀರಬಾರದು. ಆಯಿ ಈ ಸಲ ಸುಳ್ಳು ಹೇಳೂ ಪ್ರಸಂಗ ಬರಲಿಲ್ಲ. ಪೋಸ್ಟಿನ ಮನಿಯಾರ್ಡರ ಬಂದ ದಿವಸ ಹೆಬ್ಬಟ್ಟು ಒತ್ತಿ, ನೋಟು ಎರಡು ಸಲ ಎಣಿಸಿ, ಗುಳಗಿಗೆ ತೆಗದಿಟ್ಟು, ಮಮ್ಮಕ್ಕಳಿಗೆ ತಲಿಗೆ ಐದು ರೂಪಾಯಿ ಕೊಟ್ಲು. ಸೊಸಿ ಕೈಯಾಗ ನೂರು ಇಟ್ಟು "ಎಣ್ಣಿ ತರಸ" ಅಂದ್ಲು. ಮನ್ಯಾಗ ಕೇಳೂ ಕೈ ಇದ್ದದ್ದು ಕೊಡೂ ಕೈ ಆತು. ಸಾಯೂತನಾ ಆಯಿ ಮಾತಿಗೆ ಬೇರೆ ತೂಕ ಇತ್ತು.

ಅದೇ 2007ರಾಗ ತಂದಿ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕೇಂದ್ರ ಕಾಯ್ದೆನೂ ಬಂತು. ಇದ್ದು ನೋಡದ ಮಕ್ಕಳ ಮ್ಯಾಲ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮ್ಮ ಕಡೆಯವರಿಗೆ ಅದು ಬೈಲಹೊಂಗಲದಾಗ ಐತಿ. ಅಂದ್ರ ಮಗನ ಕರ್ತವ್ಯದ ಪ್ರಶ್ನೆ ಬೇರೆ ಕಾಗದಕ್ಕ ಹೋತು, ಪಗಾರದ ಕಾಗದ ಸ್ವಲ್ಪ ಹಗರಾತು.

ಹಂಗಂತ ಗಂಟು ಬಿಚ್ಚಿಲ್ಲ. ಮೊದಲನೇ ಗಂಟು ವಯಸ್ಸಿಂದು. ರಾಮದುರ್ಗದ ದೊಡ್ಡವ್ವಗ ಖರೆ ವಯಸ್ಸು 67ರ ಸುಮಾರು. ಆಧಾರ ಕಾರ್ಡಿನಾಗ 58. ಆಕಿ ದೊಡ್ಡ ಮಗಗ 47. ಹನ್ನೊಂದನೇ ವಯಸ್ಸಿಗೆ ಹಡದಾಳ ಅಂತ ಕಾರ್ಡು ಹೇಳತೈತಿ! ಜನನ-ಮರಣ ನೋಂದಣಿ ಕಾಯ್ದೆ ಬಂದದ್ದ 1969ರಾಗ. ಅದಕ್ಕಿಂತ ಮೊದಲ ಹುಟ್ಟಿದ ನಮ್ಮ ಹಿರ್ಯಾರು "ಸ್ವಾತಂತ್ರ್ಯ ಬಂದ ಮರುವರ್ಷ", "ನವಿಲುತೀರ್ಥ ಡ್ಯಾಮಿಗಿಂತ ಮೊದಲ" ಅಂತ ಎಣಿಸಿದವರು. ಮೊದಲ ಸರಕಾರಿ ಡಾಕ್ಟರು ಮಾರಿ, ಹಲ್ಲು ನೋಡಿ ಅಂದಾಜು ವಯಸ್ಸು ಬರದುಕೊಟ್ರ ನಡೀತಿತ್ತು. ಈಗ ಕಂಪ್ಯೂಟರು ಆಧಾರ ಬಿಟ್ಟು ಏನೂ ನಂಬೂದಿಲ್ಲ. ತಿದ್ದಸಬೇಕಂದ್ರ ಜನ್ಮದ ದಾಖಲೆ ಬೇಕು. ದೊಡ್ಡವ್ವ ಶಾಲಿ ಮೆಟ್ಟಲಾ ಹತ್ತಿಲ್ಲ. ವರ್ಷ ದಾಟಿದ ಜನನ ಈಗ ನೋಂದಾಯಿಸಬೇಕಂದ್ರ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಎರಡನೇ ಗಂಟು ಆದಾಯದ್ದು. ಈಗಿನ ಮಿತಿ ವರ್ಷಕ್ಕ 32,000. ಕಾಗದದ ಮ್ಯಾಲ ದೊಡ್ಡ ಆಕಡೆ ಕಾಣತೈತಿ. ಆದ್ರ 2025-26ರಾಗ ಕರ್ನಾಟಕದಾಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ. ನೂರು ದಿನ ದುಡದ್ರ 37,000. ಸರಕಾರ ಕೊಟ್ಟ ಕೆಲಸಾನ ಪೂರ್ತಿ ಮಾಡಿದ್ರ ಸರಕಾರದ ಲೆಕ್ಕದಾಗ ಬಡತನ ದಾಟಿದಂಗ! ಹಿಂಗಾಗಿ ತಲಾಠಿಯವರಿಗೂ ಪಂಚಾಯ್ತಿ, ಅರ್ಜಿದಾರರಿಗೂ ಪಂಚಾಯ್ತಿ. ಮೊದಲ ದಿಕ್ಕಿನ ಬಗ್ಗೆ ಹೇಳತಿದ್ದ ಸುಳ್ಳನ್ನ ಈಗ ಆದಾಯದ ಬಗ್ಗೆ ಹೇಳೂ ಹಂಗ ಆಗೇತಿ.

ಮೂರನೇದು ಕಾಕಾಂದು. ಸಣ್ಣಾಂವ ಇದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗೇತಿ. ಅಂಗವಿಕಲರಿಗೆ ದಿಕ್ಕಿನ ಪ್ರಶ್ನೆಗಿಂತ ದೊಡ್ಡದು ಶೇಕಡಾ ಪ್ರಶ್ನೆ. 1995ರ ಕಾಯ್ದೆಯಾಗ ಏಳು ನಮೂನಿ ಅಂಗವಿಕಲತೆ ಇದ್ದವು, 2016ರ ಕಾಯ್ದೆಯಾಗ 21 ಆದವು. ಶೇ. 40 ಇದ್ರ ರಾಜ್ಯದ ಪಗಾರ ಹತ್ತತೈತಿ, ಶೇ. 75 ದಾಟಿದ್ರ ಅದು ಹೆಚ್ಚು. ಕೇಂದ್ರದ ಅಂಗವಿಕಲ ವೇತನಕ್ಕ ಮಾತ್ರ ಶೇ. 80 ಬೇಕು. ಕಾಕಾ ಪ್ರಮಾಣಪತ್ರ ತರಲಿಕ್ಕೆ ಹೋದಾಗ ಡಾಕ್ಟರು ಕಾಲು ಅಳೆದು 50 ಅಂತ ಬರದ್ರು. ಕಾಕಾ ಹೊರಗ ಬಂದು, "ಅರ್ಧಾ ಮನಷ್ಯಾ ಅಂತ ಸರಕಾರದ ಶಿಕ್ಕಾ ಬಿತ್ತ ನೋಡ" ಅಂತ ನಕ್ಕ. ನಾ ನಗಲಿಲ್ಲ.

ಸವದತ್ತಿಯ ಮಾತು ಬಂದ ಮ್ಯಾಲ ಇನ್ನೊಂದು ಪಟ್ಟಿ ಬಗ್ಗೆ ಹೇಳಲೇಬೇಕು. ದೇವದಾಸಿ ಬಿಡೂದನ್ನ ನಿಷೇಧ ಮಾಡೋ ಕಾಯ್ದೆ ಕರ್ನಾಟಕದಾಗ 1982ರಾಗ ಆತು. ವಯಸ್ಸಾದ ಮಾಜಿ ದೇವದಾಸಿಯರಿಗೆ 2007-08ರಾಗ 400 ರೂಪಾಯಿಂದ ಮಾಸಾಶನ ಸುರುವಾತು. ಅದಕ್ಕ ಯೋಗ್ಯತೆ ಏನಂದ್ರ 1993-94 ಮತ್ತು 2007-08ರ ಸಮೀಕ್ಷೆಯಾಗ ಹೆಸರು ಇರಬೇಕು. ಎರಡೂ ಸೇರಿ 46,660 ಹೆಸರು. ಸಮೀಕ್ಷೆಯವರು ಬಂದ ದಿವಸ ನಾಚಿಕಿಗೆ ಒಳಗ ಕುಂತಾಕಿ, ಕಬ್ಬು ಕಡಿಯಾಕ ಹೋದಾಕಿ ಪಟ್ಟಿಯಿಂದ ಹೊರಗ ಉಳದ್ಲು. ಗೌಡ-ಕುಲಕರ್ಣಿ ಪಟ್ಟಿ ಕಾಲದಿಂದ ಇದೊಂದು ಬದಲಾಗಿಲ್ಲ: ಬರಿಯೂ ಹೊತ್ತಿನಾಗ ನೀ ಅಲ್ಲಿ ಇರಬೇಕು.

ಆದ್ರ ಸುಧಾರಣಿ ಆಗೇ ಇಲ್ಲ ಅಂದ್ರ ಅದೂ ಸುಳ್ಳ. 2011ರಾಗ ಕೇಂದ್ರದ ಪಿಂಚಣಿ ವಯಸ್ಸು 65ರಿಂದ 60ಕ್ಕ ಇಳೀತು. 2021ರಾಗ ಸಂಧ್ಯಾ ಸುರಕ್ಷಾ 1,000ದಿಂದ 1,200 ಆತು, ವಿಧವಾ ವೇತನ 600ರಿಂದ 800. ಕೇಂದ್ರದ ಪಾಲು ಮಾತ್ರ 80ರೊಳಗಿನ ಮುದುಕರಿಗೆ ಅದ 200ಕ್ಕ ನಿಂತೈತಿ. ರೊಕ್ಕ ಸೀದಾ ಖಾತೆಗೆ ಬರತೈತಿ, ನಡುವ ಯಾರ ಕೈಗೂ ಚಾ ರೊಕ್ಕ ಕೊಡಬೇಕಾಗಿಲ್ಲ.

ಕಟ್ಟಿಗೆ ಬಂದವರಿಗೆ ನಾ ಹೇಳೂದು ಇಷ್ಟ. ಅರ್ಜಿ ನಾಡಕಚೇರಿಯಾಗ ಕೊಡ್ರಿ, ಸಕಾಲದ ಸ್ವೀಕೃತಿ ನಂಬರ ಇಸಗೊಳ್ರಿ, ಜ್ವಾಪಾನ ಇಡ್ರಿ. ಆಗೂದಿಲ್ಲ ಅಂತ ಬಾಯಿಲೆ ಹೇಳಿದ್ರ ಎದ್ದು ಬರಬ್ಯಾಡ್ರಿ, ಯಾಕ ಆಗೂದಿಲ್ಲ ಅಂತ ಬರದು ಕೊಡ್ರಿ ಅನ್ರಿ. ಅಂಗವಿಕಲರು ಇದ್ರ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಮೊದಲ ಕಾಣ್ರಿ. ಮತ್ತ 59 ತುಂಬಿದ ಕೂಡಲೇ ಆಧಾರದಾಗಿನ ವಯಸ್ಸು ಒಮ್ಮೆ ನೋಡಿಕೊಳ್ರಿ.

ಸೋಮವಾರ ದೊಡ್ಡವ್ವ ರಾಮದುರ್ಗದಿಂದ ಮೊದಲನೇ ಬಸ್ಸಿಗೆ ಬರತಾಳ. ವಕೀಲರು ಮಗನ ಶಾಲಿ ದಾಖಲೆ ತರ್ರಿ ಅಂದಾರ. ಮಗನ ವಯಸ್ಸು ತೋರಿಸಿ ತಾಯಿ ವಯಸ್ಸು ಸಿದ್ಧ ಮಾಡಬೇಕಂತ. ಆಯಿಗೆ ಇದ್ದ ಮಗಾ ಅಡ್ಡಾದ, ದೊಡ್ಡವ್ವಗ ಇದ್ದ ಮಗನ ಸಾಕ್ಷಿ ಆಗಬೇಕಾಗೇತಿ. ರೊಟ್ಟಿ ಕಟಗೊಂಡು ಹೋಗತೇವಿ, ಎಷ್ಟ ಹೊತ್ತಾಗತೈತೋ ಯಾರಿಗೆ ಗೊತ್ತು.