ಕರ್ನಾಟಕ ತಂಡದ ಆ ವೈಭವದ ದಿನಗಳು

ರಾಜ್ಯೋತ್ಸವದ ಸಂಚಿಕೆಯಲ್ಲಿ ಕ್ರಿಕೆಟ್ಟಿನ ಇತಿಹಾಸವೇಕೆಂದು ಕೆಲವು ವಾಚಕರು ಕೇಳಬಹುದು. ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಳೆದುದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ನಮ್ಮ ತಂಡವು ಮೊಟ್ಟಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲವೆಂದು ಭಾವಿಸುತ್ತೇವೆ.

ಅದಕ್ಕೆ ಮುಂಚೆ ಮುಂಬಯಿಯ ಎದುರು ನಮ್ಮವರ ಪಾಡೇನೆಂಬುದನ್ನು ಈ ಊರಿನ ಹಿರಿಯ ಕನ್ನಡಿಗರು ಚೆನ್ನಾಗಿ ಬಲ್ಲರು. ಮೈಸೂರು ತಂಡವು 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯದವರೆಗೆ ಬಂದು, ಎರಡು ಸಲವೂ ಮುಂಬಯಿಗೆ ಸೋತಿತ್ತು. 1958-59ರಿಂದ 1972-73ರವರೆಗೆ ಸತತವಾಗಿ 15 ವರ್ಷ ಆ ಟ್ರೋಫಿ ಮುಂಬಯಿಯನ್ನು ಬಿಟ್ಟು ಕದಲಲಿಲ್ಲ.

1974ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ ಪಂದ್ಯದಲ್ಲಿ ಇದು ಮುರಿಯಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ತಂಡದ ಮೊತ್ತ 385. ನಾಯಕ ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದರು. ಮುಂಬಯಿಯ ನಾಯಕ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಪೂರ್ಣವಾಗದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೇ ಮುನ್ನಡೆಯಲು ಅವಕಾಶವಾದುದರಿಂದ, ಆ 78 ರನ್ನುಗಳೇ ಸಾಕಾದವು. ಜಯಪುರದ ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿದ್ದು ಆ ಮೇಲಿನ ಮಾತು.

1982-83ರ ಫೈನಲ್ ನಡೆದದ್ದಂತೂ ಈ ಊರಿನ ವಾಂಖೇಡೆ ಮೈದಾನದಲ್ಲಿಯೇ. ಮುಂಬಯಿ 534, ಕರ್ನಾಟಕ 551. ಹಗಲೆಲ್ಲ ಜಮಾ-ಖರ್ಚು ಕೂಡುವ ಬ್ಯಾಂಕಿನವರಾದ ನಮಗೆ 17ರ ಆ ಶಿಲ್ಕಿನಷ್ಟು ಪ್ರಿಯವಾದ ಅಂಕಿ ಮತ್ತೊಂದಿಲ್ಲ! ಅದರ ಹಿಂದಿನ ವರ್ಷ ಬೆಂಗಳೂರಿನಲ್ಲಿ ರಘುರಾಮ ಭಟ್ಟರ ಸ್ಪಿನ್ನಿಗೆ ಉತ್ತರವಾಗಿ ಗಾವಸ್ಕರರಂಥವರೂ ಎಡಗೈಯಲ್ಲಿ ಬ್ಯಾಟು ಬೀಸಿದ್ದರು.

ಇವೆಲ್ಲ ನಾವು ಹಿರಿಯರ ಬಾಯಿಂದ ಕೇಳಿದವು. ನಮ್ಮ ಕಾಲದ್ದು 2015. ಆ ಫೆಬ್ರವರಿಯ ಸೆಮಿಫೈನಲಿನಲ್ಲಿ ವಿನಯ್ ಕುಮಾರರ ತಂಡವು ಮುಂಬಯಿಯನ್ನು ಬೆಂಗಳೂರಿನಲ್ಲಿ 44 ರನ್ನಿಗೆ ಉರುಳಿಸಿತು. ಮಾರ್ಚಿಯಲ್ಲಿ ವಾಂಖೇಡೆಯ ಫೈನಲಿನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ಹೊಡೆದರು; ಇನ್ನಿಂಗ್ಸ್ ಮತ್ತು 217 ರನ್ನುಗಳ ಗೆಲುವು. ಗ್ಯಾಲರಿಯಲ್ಲಿ ಜನ ವಿರಳ. ಕೂತಲ್ಲಿಂದಲೇ ಕನ್ನಡದಲ್ಲಿ ಕೂಗಿದರೆ ಆಟಗಾರರಿಗೆ ಕೇಳುವಂತಿತ್ತು.

ಆಮೇಲೆ ರಣಜಿ ನೋಡುವ ರೂಢಿ ನಮ್ಮಿಂದ ತಪ್ಪಿಹೋಯಿತು. ನಾಲ್ಕೈದು ದಿನದ ಆಟಕ್ಕೆ ರಜೆ ಕೊಡುವವರಾರು? ಸಂಜೆಯ ಐ.ಪಿ.ಎಲ್. ಮೂರು ಮೂರೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ಬೆಂಗಳೂರಿನ ಹೆಸರು ಹೊತ್ತವರಲ್ಲಿ ನಮ್ಮ ಊರುಗಳ ಹುಡುಗರು ಎಷ್ಟು ಮಂದಿ? ರಾಜ್ಯದ ತಂಡವೆಂದರೆ ಹುಬ್ಬಳ್ಳಿ, ಹಾಸನ, ದಾವಣಗೆರೆಯವರು ಒಂದೇ ಟೋಪಿ ಹಾಕಿಕೊಳ್ಳುವುದು. ಊರು ಬಿಟ್ಟು ಬಂದ ನಮಗೆ ಅದು ಕೇವಲ ಆಟವಾಗಿರಲಿಲ್ಲ.

ಮನೆಯ ಮಕ್ಕಳು ಇಲ್ಲಿ ಹುಟ್ಟಿದವರು; ಮುಂಬಯಿಯೇ ಅವರ ತಂಡ. ತಪ್ಪೆನ್ನಲಾರೆವು. 1974ರ ಕಥೆ ಹೇಳಿದರೆ, ವಾಡೇಕರ್ ಜಾರದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ವಾದಕ್ಕೆ ನಿಲ್ಲುತ್ತಾರೆ. ನಿಲ್ಲಲಿ, ವಿಶ್ವನಾಥರ 162 ನಮ್ಮ ಕಡೆಗಿದೆ.