ಚಿನ್ನದ ಗಣಿಯಲ್ಲಿ ಸಿಕ್ಕ ನ್ಯೂಟ್ರಿನೋ

ಕೋಲಾರದ ಗಣಿಯಾಳದಲ್ಲಿ ಕಾರ್ಮಿಕರು ಚಿನ್ನ ಅಗೆಯುತ್ತಿದ್ದಾಗ, ಅಲ್ಲೇ ವಿಜ್ಞಾನಿಗಳು ಕಣ್ಣಿಗೆ ಕಾಣದ, ಕೈಗೆ ಸಿಗದ ಕಣವೊಂದಕ್ಕಾಗಿ ಕಾದು ಕುಳಿತಿದ್ದರು.

ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್, ನ್ಯೂಟ್ರಿನೋ ಮುಂತಾದ ಕಣಗಳು ಹುಟ್ಟುತ್ತವೆ. ನ್ಯೂಟ್ರಿನೋಗಳಲ್ಲಿ ಬಹುಪಾಲು ಇಡೀ ಭೂಮಿಯನ್ನೇ ತೂರಿ, ಯಾವ ಪರಮಾಣುವನ್ನೂ ತಾಕದೆ ಹೊರಟುಹೋಗುತ್ತವೆ. ನೆಲದ ಮೇಲೆ ಮ್ಯೂಆನ್‌ಗಳ ಸುರಿಮಳೆಯ ನಡುವೆ ಅವುಗಳ ಸುಳಿವು ಹಿಡಿಯುವುದೆಂದರೆ ಸಂತೆಯಲ್ಲಿ ಪಿಸುಮಾತು ಆಲಿಸಿದಂತೆ. ಆ ಗದ್ದಲ ತಡೆಯಲು ಬಂಡೆಯ ದಪ್ಪ ಹೊದಿಕೆ ಬೇಕು.

ಅದಕ್ಕೆ ಕೋಲಾರ ತಕ್ಕ ಜಾಗ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಲ್ಲೇ ಇಲ್ಲಿ ಮ್ಯೂಆನ್ ಎಣಿಸತೊಡಗಿದರು. ಅವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು. ಆಳಕ್ಕಿಳಿದಂತೆ ಎಣಿಕೆ ಕುಗ್ಗಿತು. ಮುಂದೆ, ಅತಿ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ದಾಖಲಾಗಲಿಲ್ಲ. ಆ ಮೌನವೇ ನ್ಯೂಟ್ರಿನೋ ಶೋಧಕ್ಕೆ ದಾರಿಯಾಯಿತು.

1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್‌ಹ್ಯಾಮ್ ವಿಜ್ಞಾನಿಗಳು ಸುಮಾರು 2.3 ಕಿ.ಮೀ. ಆಳದಲ್ಲಿ ಹೂಡಿದ್ದ ಶೋಧಕಗಳಲ್ಲಿ ಅಡ್ಡವಾಗಿ ಹಾದ ಮ್ಯೂಆನ್ ಜಾಡು ಕಂಡಿತು. ಅಷ್ಟು ಬಂಡೆಯನ್ನು ಓರೆಯಾಗಿ ದಾಟಿ ಬರುವುದು ಮ್ಯೂಆನ್‌ಗೆ ಅಸಾಧ್ಯ. ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೋ ಅದನ್ನು ಹುಟ್ಟಿಸಿರಬೇಕು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇಂಥದೇ ಸಾಕ್ಷ್ಯ ದೊರೆಯಿತು.

ವಾಯುಮಂಡಲದ ಇದೇ ನ್ಯೂಟ್ರಿನೋಗಳು ಒಂದು ಬಗೆಯಿಂದ ಇನ್ನೊಂದಕ್ಕೆ ಮಾರ್ಪಡುತ್ತವೆ, ಹಾಗಾಗಿ ಅವಕ್ಕೆ ದ್ರವ್ಯರಾಶಿ ಇದೆ ಎಂಬುದನ್ನು 1998ರಲ್ಲಿ ತೋರಿಸಿದ್ದು ಜಪಾನಿನ ಸೂಪರ್ ಕಾಮಿಯೋಕಾಂಡೆ. ಅಷ್ಟರಲ್ಲಿ ಕೋಲಾರದ ಪ್ರಯೋಗಗಳು ನಿಂತಿದ್ದವು. 2001ರಲ್ಲಿ ನಷ್ಟದ ಲೆಕ್ಕ ತೋರಿಸಿ ಗಣಿಯನ್ನೇ ಮುಚ್ಚಲಾಯಿತು. ಸುರಂಗಗಳಲ್ಲಿ ನೀರು ತುಂಬಿತು. ಚಿನ್ನವನ್ನಷ್ಟೇ ತೂಗಿದ ಆ ಲೆಕ್ಕದಲ್ಲಿ, ಕಾರ್ಮಿಕರು ತಲೆಮಾರುಗಳ ಕಾಲ ಅಗೆದು ಗಳಿಸಿಕೊಟ್ಟ ಆಳಕ್ಕೆ ಬೆಲೆಯೇ ಇರಲಿಲ್ಲ.